ಸುಸ್ತಿನಲ್ಲಿ ನನಗಿಂತ ಸೀನಿಯರ್

ದಿನವಿಡೀ ಆಫೀಸಿನ ಕುರ್ಚಿ ಸವೆಸಿ ಬಂದು ‘ಸತ್ತೇ ಹೋದೆ’ ಎನ್ನುವ ನಾನು ದಣಿವಿನ ವಿಷಯದಲ್ಲಿ ನನ್ನಕ್ಕನ ಮುಂದೆ ಅಂಬೆಗಾಲಿಡುವ ಕೂಸು. ಎಷ್ಟು ಮಲಗೆದ್ದರೂ ತೀರದ ಆಯಾಸದ ಕಾಯಿಲೆ ಅವಳದು. ಹಲ್ಲುಜ್ಜುವುದು ಸ್ಟೂಲಿನ ಮೇಲೆ, ತರಕಾರಿ ಹೆಚ್ಚುವುದು ಹಾಸಿಗೆಯ ಮೇಲೆ. ತಲೆಯ ಒಂದು ಪಕ್ಕ ಬಾಚಿದ ಮೇಲೆ ಇನ್ನೊಂದು ಪಕ್ಕಕ್ಕೆ ಮುಂಚೆ ವಿಶ್ರಾಂತಿ. ನಡುವೆ ಯಾರಾದರೂ ಬಂದರೆ ‘ಹೊಸ ಫ್ಯಾಷನ್ನು’ ಎನ್ನುತ್ತಾಳೆ. ‘ನಂಗೂ ಸುಸ್ತೇ ಕಣೇ’ ಎಂದ ಚಿಕ್ಕಮ್ಮನಿಗೆ ‘ಬನ್ನಿ, ಪಕ್ಕದಲ್ಲೇ ಜಾಗ ಇದೆ’ ಎಂದು ದಿಂಬು ಸರಿಸಿದಳು. ಸಂಜೆ ನಾನು ನಮ್ಮ ಮ್ಯಾನೇಜರನ್ನು ಅಣಕಿಸಿದರೆ ಬಿದ್ದು ಬಿದ್ದು ನಗುತ್ತಾಳೆ. ನಿನ್ನೆ ನಾನು ‘ಸುಸ್ತು ಅಕ್ಕಾ, ಮ್ಯಾನೇಜರ್ ಅಣಕ ನಾಳೆ ಮಾಡ್ತೀನಿ’ ಎಂದಾಗ ಅಮ್ಮ ಅಡುಗೆಮನೆಯಿಂದಲೇ ಗದರಿದಳು: ‘ಮಾಡೋ ಸೋಮಾರಿ! ನಗೋಕೆ ಶಕ್ತಿ ಉಳೀಲಿ ಅಂತ ಅವಳು ಇವತ್ತು ಸ್ನಾನಾನೇ ಬಿಟ್ಟಿದ್ದಾಳೆ.’ ಹೊಟ್ಟೆ ಮುಂದಕ್ಕೆ ತಳ್ಳಿ, ಮ್ಯಾನೇಜರಾಗಿ, ಮನೆಯೆಲ್ಲ ಮೆರವಣಿಗೆ ಹೊರಟೆ.