ತಾಯಕ್ಕನ ಹುಳುಮನೆಯೂ ನನ್ನ ಅತಿಥಿಗಳೂ

ತಾಯಕ್ಕ ಮನುಷ್ಯರನ್ನು ಮೊದಲು ಮೂಸುತ್ತಿದ್ದಳು, ಆಮೇಲೆ ಮಾತಾಡಿಸುತ್ತಿದ್ದಳು. ಗೇಟಿನ ಹತ್ತಿರ ಯಾರೇ ಬಂದು ನಿಂತರೂ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೋಗಿ, ಕತ್ತು ಮುಂದೆ ಚಾಚಿ, ಹೊಳ್ಳೆ ಅರಳಿಸಿ ಒಂದು ಸಲ ಉಸಿರೆಳೆದುಕೊಳ್ಳುವಳು. “ಬೀಡಿ ಸೇದ್ಬುಟ್ಟು ಬಂದಿದ್ದೀಯ, ಅಲ್ಲೇ ನಿಂತ್ಕೊಂಡು ಮಾತಾಡು” ಎಂದು ಲೈನ್‌ಮನ್‌ಗೆ ಹೇಳುವಳು. “ಅದ್ಯಾವ ಸೆಂಟು ಸುರ್ಕೊಂಡಿದ್ದೀಯಮ್ಮಿ, ಈ ಕಡ ಬರ್ಬ್ಯಾಡ” ಎಂದು ನನಗೂ ಹೇಳಿದ್ದುಂಟು. ವೋಟು ಕೇಳಲು ಬಂದವರನ್ನೂ ಬಿಟ್ಟವಳಲ್ಲ. ಕುದೇರಿನಿಂದ ಬರುತ್ತಿದ್ದ ಅವಳ ಸ್ವಂತ ತಮ್ಮನಂತೂ ಹೊಗೆಸೊಪ್ಪು ಉಗಿದು, ಬಾಯಿ ಮುಕ್ಕಳಿಸಿ, ಗೇಟಿನ ಹೊರಗೇ ಕಾಯುತ್ತಿದ್ದ.

ಇದು ಹುಚ್ಚಲ್ಲ, ಕಸುಬು. ಅವಳ ಪೂರ್ತಿ ಹೆಸರು ಚಿಕ್ಕತಾಯಮ್ಮ. ತೆರಕಣಾಂಬಿಯಿಂದ ಎರಡು ಮೈಲಿ ಒಳಗಿರುವ ನಮ್ಮೂರಿನಲ್ಲಿ, ನಮ್ಮ ಜಮೀನಿಗೆ ಒತ್ತಿಕೊಂಡಂತೆ ಅವಳ ಅರ್ಧ ಎಕರೆ ಹಿಪ್ಪುನೇರಳೆ ತೋಟವಿತ್ತು. ತೋಟದ ಮಗ್ಗುಲಲ್ಲಿ ಶೀಟು ಹೊದಿಸಿದ ಹುಳುಮನೆ. ಗಂಡ ತೀರಿಕೊಂಡ ಮೇಲೂ ರೇಷ್ಮೆ ಹುಳು ಸಾಕುವುದನ್ನು ಅವಳು ಬಿಟ್ಟಿರಲಿಲ್ಲ. ಹುಳುವಿಗೆ ಹೊಗೆಸೊಪ್ಪು ಆಗುವುದಿಲ್ಲ, ಬೀಡಿ ಹೊಗೆ ಆಗುವುದಿಲ್ಲ, ಸೆಂಟು, ಊದುಬತ್ತಿ, ಸೊಳ್ಳೆಬತ್ತಿ ಯಾವುದೂ ಆಗುವುದಿಲ್ಲ. ಬೆಳೆ ಇರುವಷ್ಟು ದಿನ ತಾಯಕ್ಕ ತಲೆಗೆ ಹೂ ಮುಡಿಯುತ್ತಿರಲಿಲ್ಲ, ಎಲೆಅಡಿಕೆ ಬಾಯಿಗೆ ಹಾಕುತ್ತಿರಲಿಲ್ಲ. ಒಳಗೆ ಹೋಗುವ ಮುಂಚೆ ಸುಣ್ಣದ ನೀರಿನಲ್ಲಿ ಕಾಲು ಅದ್ದಲೇಬೇಕು. ಅದು ಅವಳಿಗೂ ಒಂದೇ, ಜಿಲ್ಲಾಧಿಕಾರಿ ಬಂದರೂ ಒಂದೇ.

ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಒಂದು ದಿನ ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಆ ದಿನ ತಾಯಕ್ಕ ಊರಿಗೆಲ್ಲ ಕೇಳುವ ತನ್ನ ಗಂಟಲನ್ನು ಅಡಗಿಸಿಕೊಂಡು ಪಿಸುಮಾತಿನಲ್ಲಿ ಮಾತಾಡುವಳು. “ಬಾಣ್ತಿ ಮನ ಇದ್ದಂಗ ಕಣಮ್ಮಿ. ಬಾಣ್ತಿ ಮನೇಲಿ ಯಾರಾರ ಗದ್ಲ ಮಾಡ್ತರಾ?” ಎನ್ನುವಳು. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಪ್ಪನೂ ಹುಳು ಸಾಕಿದವನೇ. ಹುಳು ಸಾಕುವ ತಟ್ಟೆಗಳ ಪಕ್ಕದಲ್ಲೇ ಚಾಪೆ ಹಾಸಿ ನನ್ನನ್ನು ಮಲಗಿಸುತ್ತಿದ್ದರು, ಹುಳು ಸೊಪ್ಪು ಮೇಯುವ ಸದ್ದು ಕೇಳಿಸಿಕೊಂಡೇ ನಿದ್ದೆ ಹೋಗುತ್ತಿದ್ದೆ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಹುಳುಮನೆ ಇದ್ದ ಜಾಗದಲ್ಲಿ ಎರಡು ಕೋಣೆ, ಒಂದು ಹಜಾರದ ಮನೆ ಕಟ್ಟಿಸಿದೆ. ನನ್ನ ಕೆಲಸ ಚಾಮರಾಜನಗರದ ಒಂದು ಕಚೇರಿಯಲ್ಲಿ, ವಾಸವೂ ಅಲ್ಲೇ. ಮನೆ ಸುಮ್ಮನೆ ಬೀಗ ಹಾಕಿಕೊಂಡು ಯಾಕಿರಬೇಕೆಂದು ಫೋನಿನ ಆ್ಯಪಿನಲ್ಲಿ ಹಾಕಿ, ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿದೆ. ಗೋಪಾಲಸ್ವಾಮಿ ಬೆಟ್ಟ ನೋಡುವವರು, ಬಂಡೀಪುರಕ್ಕೆ ಹೋಗುವವರು, ಗುಂಡ್ಲುಪೇಟೆ ಕಡೆ ಚೆಂಡುಹೂವಿನ ಹೊಲದಲ್ಲಿ ಫೋಟೊ ತೆಗೆಸಿಕೊಳ್ಳುವವರು ಬರುತ್ತಿದ್ದರು. ಬೀಗದ ಕೈಯನ್ನು ತಾಯಕ್ಕ ತಾನಾಗಿಯೇ ಇಸಿದುಕೊಂಡಳು. “ಜನ ಓಡಾಡ್ದ ಮನ ಬೀಳಾಗ್ತದ. ನಾಕು ಜನ ಬಂದು ಉಂಡೋಗ್ಲಿ, ನಾ ನೋಡ್ಕತೀನಿ” ಎಂದಳು. ಬಂದವರಿಗೆ ಕಾಲಿಗೆ ನೀರು ಕೊಟ್ಟು, ಹೆಸರು ಕೇಳುವ ಮುಂಚೆ “ಉಂಡ್ರಾ?” ಎಂದು ಕೇಳುವಳು. ಅವಳ ಉಪ್ಸಾರು ಮುದ್ದೆ ಉಂಡವರು ಬೆರಳು ಚೀಪುತ್ತಿದ್ದರು.

ಒಳ್ಳೆಯವರೂ ಬರುತ್ತಿದ್ದರು, ಇಲ್ಲ ಎನ್ನುವುದಿಲ್ಲ. ಆದರೆ ಉಳಿದವರನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ದಿಂಬಿನ ಚೀಲದಲ್ಲಿ ಬೂಟು ಒರೆಸಿದ ಒಬ್ಬ ಮಹಾನುಭಾವನಿದ್ದ. ಎಳೆ ಪರಂಗಿಕಾಯಿ ಕಿತ್ತು ಅಂಗಳದಲ್ಲಿ ಕ್ಯಾಚ್ ಆಡಿದ ಸಂಸಾರವೊಂದಿತ್ತು, ತಂದೆ ತಾಯಿ ಇಬ್ಬರೂ ಮೇಷ್ಟ್ರುಗಳಂತೆ! ಬಾಡಿಗೆ ಕೊಟ್ಟ ಮಾತ್ರಕ್ಕೆ ಮನೆಯವರ ಮಾನವನ್ನೂ ಬಾಡಿಗೆಗೆ ಹಿಡಿದುಬಿಟ್ಟಂತೆ ಆಡುತ್ತಾರೆ. ಇವರ ಮನೆಯಲ್ಲಿ ಇವರು ಹೀಗೆ ಮಾಡುತ್ತಾರೆಯೇ? ಮಾಡಿದರೆ ಇವರಮ್ಮ ಸೌಟು ತೆಗೆದುಕೊಳ್ಳುವುದಿಲ್ಲವೇ?

ತಾಯಕ್ಕ ಮಾತ್ರ ಯಾರನ್ನೂ ಎದ್ದು ಹೋಗಿ ಎಂದವಳಲ್ಲ. ಒಂದು ಸಲ ನಾನೂ ಅಲ್ಲಿದ್ದೆ. ಮೂರು ಜೋಡಿಗಳು ಬೆಳಗ್ಗೆ ಹತ್ತಕ್ಕೆ ಮನೆ ಖಾಲಿ ಮಾಡಬೇಕಾದವರು ಹನ್ನೆರಡಾದರೂ ಏಳಲೊಲ್ಲರು. ಕುಡಿದ ಬಾಟಲಿಗಳನ್ನು ತುಳಸಿಕಟ್ಟೆಯ ಮೇಲೆ ಸಾಲಾಗಿ ಜೋಡಿಸಿ ನಗುತ್ತಿದ್ದರು. ತಾಯಕ್ಕನ ಮುಖ ಬಿಗಿಯಿತು. ಒಳಗೆ ಹೋಗಿ ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು ಬಂದು ಒಬ್ಬೊಬ್ಬರ ಕೈಗೂ ಕೊಟ್ಟಳು. ನಮ್ಮೂರಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಎಲೆಅಡಿಕೆ ಕೊಟ್ಟರೆ ನೆಂಟನಾದವನು ಮುಖ ಕೆಂಪಗೆ ಮಾಡಿಕೊಂಡು ಚಪ್ಪಲಿ ಹುಡುಕುತ್ತಾನೆ. ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಇವರು ಏನು ಮಾಡಿದರು ಗೊತ್ತೇ? “ವಾವ್ ಆಂಟಿ, ಎಷ್ಟು ಚೆನ್ನಾಗಿದೆ ನಿಮ್ಮ ಸಂಪ್ರದಾಯ” ಎಂದು ತಟ್ಟೆ ಸಮೇತ ಅವಳನ್ನು ಮಧ್ಯದಲ್ಲಿ ನಿಲ್ಲಿಸಿಕೊಂಡು ಫೋಟೊ ಹೊಡೆದುಕೊಂಡರು. ಆಮೇಲೂ ಒಂದೂವರೆ ಗಂಟೆ ಅಲ್ಲೇ ಬಿದ್ದುಕೊಂಡಿದ್ದರು. “ಇನ್ನೇನ್ ಮಾಡದಮ್ಮಿ? ಎಲಅಡ್ಕಗೂ ಏಳ್ದೇ ಓದ್ರ, ಇವ್ರನ್ನ ಎಬ್ಬುಸ ಅಸ್ತ್ರ ನನ್ ತಾವ್ ಇಲ್ಲ ಕಣ” ಎಂದಳು. ನಾನು ಬಿದ್ದು ಬಿದ್ದು ನಕ್ಕೆ. ಅವಳು ನಗಲಿಲ್ಲ.

ನಗು ಮುಗಿದ ಕೆಲವು ದಿನಗಳಿಗೆ ಆ್ಯಪಿನಲ್ಲಿ ಒಬ್ಬಾಕೆ ಬರೆದಳು: ಮನೆ ಚೆನ್ನಾಗಿದೆ, ಆದರೆ ರೂಲ್ಸ್ ಜಾಸ್ತಿ, ಹಾಸ್ಟೆಲ್‌ನಲ್ಲಿದ್ದಂತಾಯಿತು, ಕೆಲಸದ ಆಂಟಿ ನಮ್ಮನ್ನು ಮೂಸಿ ನೋಡುತ್ತಾರೆ. ಎರಡು ಸ್ಟಾರ್ ಕಿತ್ತುಕೊಂಡಿದ್ದಳು. ನನ್ನ ಮನೆಯ ಹೆಸರಿನ ಪಕ್ಕದಲ್ಲಿ ಪದಕದಂಥ ಒಂದು ಗುರುತು ಇರುತ್ತಿತ್ತು, ಅದು ಮಾಯವಾಯಿತು. ಅದಕ್ಕೆ ನನಗೆ ಆದ ಸಂಕಟ ಹೇಳಿಕೊಂಡರೆ ನಾಚಿಕೆಯಾಗುತ್ತದೆ. ಹಜಾರದಲ್ಲಿ ನಾನೇ ಬರೆಸಿ ಹಾಕಿದ್ದ ಬೋರ್ಡೊಂದಿತ್ತು: ಹಿಂದೆ ಹುಳುಮನೆ ಇದೆ, ಆ ಕಡೆ ಹೊಗೆ, ಸ್ಪ್ರೇ, ಸೆಂಟು ಬೇಡ. ಅದನ್ನು ಕಳಚಿ ಮಂಚದ ಕೆಳಗೆ ಸರಿಸಿದೆ. ತಾಯಕ್ಕನಿಗೂ ಹೇಳಿದೆ, ಬಂದವರನ್ನು ಮೂಸಬೇಡ, ಬೇಜಾರು ಮಾಡಿಕೊಳ್ಳುತ್ತಾರೆ. ಅವಳು ನನ್ನ ಮುಖವನ್ನೇ ನೋಡಿದಳು. “ಆಯ್ತು ಬುಡು. ನಿನ್ ಮನ, ನಿನ್ ನೆಂಟ್ರು” ಎಂದು ಪೊರಕೆ ತೆಗೆದುಕೊಂಡಳು.

ಆ ಶನಿವಾರ ಬಂದವರು ನಾಲ್ವರೆಂದು ಹೇಳಿ ಒಂಬತ್ತು ಜನ ಬಂದಿದ್ದರು. ಯಾರದೋ ಹುಟ್ಟುಹಬ್ಬ. ಮಧ್ಯಾಹ್ನ ಕಚೇರಿಯಲ್ಲಿ ಕಡತ ಬರೆಯುತ್ತಿದ್ದಾಗ ತಾಯಕ್ಕನ ಫೋನು ಬಂತು. ಹಿಂದಿನಿಂದ ಸ್ಪೀಕರಿನ ದಬದಬ ಕೇಳುತ್ತಿತ್ತು, ಅವಳು ಮಾತ್ರ ಪಿಸುಗುಡುತ್ತಿದ್ದಳು.

“ಅಮ್ಮಿ, ಹುಳ ನಾಕ್ನೇ ಜ್ವರದಲ್ಲವ. ಇವ್ರು ತಂಪಾಗದ ಅಂತ ಕುರ್ಚಿ ಎತ್ಕೊಂಡೋಗಿ ಹುಳುಮನ ಜಗ್ಲಿ ಮ್ಯಾಲ ಆಕ್ಕೊಂಡು ಇಸ್ಪೀಟ್ ಆಡ್ತಾವ್ರ. ಸೊಳ್ಳ ಕಚ್ತದ ಅಂತ ಅದ್ಯಾವ್ದೋ ಡಬ್ಬ ತಂದು ಬುಸ್ಸ ಅಂತ ಒಡೀತಾವ್ರ. ನಾ ಏಳುದ್ರ ನಗ್ತರ. ನೀನೊಂದ್ ಮಾತ್ ಏಳ್ಬುಡು ಅವ್ರ್ಗ. ನಿನ್ ಮನ್ಗ ಬಂದೋರು.”

ನಾನು ಒಂದು ಫೋನು ಮಾಡಿದ್ದರೆ ಮುಗಿಯುತ್ತಿತ್ತು. ಅವರ ನಂಬರು ನನ್ನ ಕೈಯಲ್ಲೇ ಇತ್ತು. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದುದು ಆ ಹಾಳು ಸ್ಟಾರು. ಒಂಬತ್ತು ಜನ ಮುನಿಸಿಕೊಂಡು ಬರೆದರೆ ಏನು ಗತಿ ಎಂದುಕೊಂಡು, “ಇವತ್ತೊಂದು ದಿನ ತಡ್ಕೊ ತಾಯಕ್ಕ. ನಾಳೆ ಹೊರಟುಹೋಗ್ತಾರೆ. ನೀನೇನೂ ಕೂಗಾಡಬೇಡ” ಎಂದೆ. “ಆಯ್ತು” ಎಂದು ಫೋನಿಟ್ಟಳು.

ಮಾರನೆಯ ಬೆಳಗ್ಗೆ ಮೊದಲ ಬಸ್ಸು ಹಿಡಿದು ಹೋದೆ. ತಾಯಕ್ಕ ತೋಟದ ಮೂಲೆಯಲ್ಲಿ ಗುಂಡಿ ತೋಡಿ, ಬುಟ್ಟಿಬುಟ್ಟಿ ಹುಳು ತಂದು ಸುರಿದು ಸುಣ್ಣ ಹಾಕುತ್ತಿದ್ದಳು. ಹುಳುಮನೆಯೊಳಗೆ ಹೋಗಿ ನೋಡಿದೆ. ಜಗಲಿ ಕಡೆಯ ಕಿಟಕಿಯ ಸಾಲಿನ ತಟ್ಟೆಗಳಲ್ಲಿ ಒಂದೂ ಬದುಕಿರಲಿಲ್ಲ. ಉಳಿದ ತಟ್ಟೆಗಳಲ್ಲಿ ಹುಳುಗಳು ತಲೆ ಒಗೆಯುತ್ತ, ಬಾಯಲ್ಲಿ ಹಸಿರು ನೀರು ಕಕ್ಕುತ್ತ ಸುತ್ತಿಕೊಳ್ಳುತ್ತಿದ್ದವು. ಇನ್ನೊಂದು ವಾರ ಕಳೆದಿದ್ದರೆ ಹಣ್ಣಾಗಿ ಗೂಡು ಕಟ್ಟುವ ಹುಳುಗಳು. ಇಪ್ಪತ್ತು ದಿನ ಹೊತ್ತುಹೊತ್ತಿಗೆ ಸೊಪ್ಪು ಹಾಕಿ ಎಬ್ಬಿಸಿದ ಬೆಳೆ, ಒಂದು ಮಧ್ಯಾಹ್ನದ ಇಸ್ಪೀಟಾಟಕ್ಕೆ ಹೋಯಿತು. ಅಷ್ಟು ವರ್ಷಗಳಲ್ಲಿ ಅವಳು ಪೂರ್ತಿ ಬೆಳೆ ಕಳೆದುಕೊಂಡದ್ದು ಅದೊಂದೇ ಸಲ.

ನಾನು ಹಜಾರಕ್ಕೆ ನುಗ್ಗಿದೆ. ಒಂಬತ್ತು ಜನರೂ ಸಾಲಾಗಿ ಕೂತು ತಿಂಡಿ ತಿನ್ನುತ್ತಿದ್ದರು. ಅಕ್ಕಿರೊಟ್ಟಿ, ಕಾಯಿಚಟ್ನಿ. ಆ ಹೆಂಗಸು ಅಂಥ ಬೆಳಗ್ಗೆಯೂ ಒಲೆ ಹಚ್ಚಿ ಇವರಿಗೆ ರೊಟ್ಟಿ ತಟ್ಟಿಕೊಟ್ಟಿದ್ದಳು! ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಬಾಯಿಗೆ ಬಂದದ್ದನ್ನೆಲ್ಲ ಬೈದೆ. ಓದಿದವರಾ ನೀವು, ಮನುಷ್ಯರಾ ನೀವು, ಬೇಡ ಅಂದರೆ ಕಿವಿ ಕೇಳಿಸುವುದಿಲ್ಲವಾ ಎಂದು ಕೂಗಿದೆ. ಹುಟ್ಟುಹಬ್ಬದ ಹುಡುಗ ಎದ್ದು ನಿಂತು, “ಸಾರಿ ಮೇಡಂ, ನಿಜವಾಗಲೂ ಗೊತ್ತಿರಲಿಲ್ಲ. ಎಲ್ಲೂ ಬೋರ್ಡು ಇರಲಿಲ್ಲ. ಆ ಹುಳಗಳಿಗೆ ಎಷ್ಟಾಗುತ್ತೆ ಹೇಳಿ, ಕಳಿಸಿಬಿಡ್ತೀನಿ” ಎಂದು ಫೋನು ತೆಗೆದ. ಬೋರ್ಡು ಮಂಚದ ಕೆಳಗಿತ್ತು, ಸರಿಸಿದವಳು ನಾನೇ. ಅಷ್ಟರಲ್ಲಿ ತಾಯಕ್ಕ ಬಾಗಿಲಿಗೆ ಬಂದಿದ್ದಳು, ಮೊಣಕೈವರೆಗೂ ಸುಣ್ಣ.

“ದುಡ್ ಬ್ಯಾಡ ಕಣಪ್ಪ. ಒಂದ್ಸಲ ಬಂದು ನೋಡ್ಬುಟ್ಟೋಗು, ಸಾಕು.”

ಅವನು ಗಡಿಯಾರ ನೋಡಿಕೊಂಡ. “ಆಂಟಿ, ಸಫಾರಿ ಬುಕ್ ಆಗಿದೆ. ಈಗಲೇ ಲೇಟು. ಇನ್ನೊಂದು ಸಲ ಬಂದಾಗ ಖಂಡಿತ” ಎಂದ. ಕಾರುಗಳು ಹೊರಟವು. ಕಾಡಿನ ಹುಲಿ ನೋಡಲು ಇಪ್ಪತ್ತು ಮೈಲಿ ಹೋಗುತ್ತಾರೆ, ತಾವೇ ಕೊಂದದ್ದನ್ನು ನೋಡಲು ಇಪ್ಪತ್ತು ಹೆಜ್ಜೆ ಬರಲಾಗಲಿಲ್ಲ. ಮೂರು ದಿನದ ಮೇಲೆ ಅವರು ಬರೆದದ್ದೂ ಬಂತು: ಊಟ ಸೂಪರ್, ಆಂಟಿ ತುಂಬಾ ಒಳ್ಳೆಯವರು, ಮನೆಯ ಓನರ್ ಸ್ವಲ್ಪ ಒರಟು. ಅದನ್ನು ಓದಿದ ದಿನವೇ ಮನೆಯನ್ನು ಆ್ಯಪಿನಿಂದ ತೆಗೆದುಹಾಕಿದೆ. ತೆಗೆದು ಏನು ಬಂತು? ತಾಯಕ್ಕ ಬೀಗದ ಕೈಯನ್ನು ಪಕ್ಕದ ಅಂಗಡಿಯಲ್ಲಿ ಕೊಟ್ಟು, ತೋಟವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟು, ಕುದೇರಿನ ತಮ್ಮನ ಮನೆಗೆ ಹೊರಟುಹೋಗಿದ್ದಳು.

ನಾನು ಅವಳನ್ನು ನೋಡಲು ಹೋದದ್ದು ಒಂದೇ ಸಲ. ಅದೇ ಕಡೆಯ ಸಲವೂ ಆಯಿತು. ತಮ್ಮನ ಮನೆಯ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ಕಂಡದ್ದೇ ಎದ್ದು ನೀರು ಕೊಟ್ಟಳು, ಬೇಡವೆಂದರೂ ಮುದ್ದೆ ಇಕ್ಕಿ ಪಕ್ಕದಲ್ಲೇ ಕೂತು ಉಣ್ಣಿಸಿದಳು. ಹುಳದ ಮಾತು ಅವಳಾಗಿ ಎತ್ತಲಿಲ್ಲ. ನಾನೇ ಎತ್ತಿದೆ. ಆ ಒಂಬತ್ತು ಜನರನ್ನು ಮತ್ತೆ ಮೊದಲಿನಿಂದ ಬೈಯತೊಡಗಿದೆ. ಅವಳು ಕೇಳುತ್ತಲೇ ಅವರೆಕಾಯಿ ಸುಲಿದಳು. ಮನೆ ಬಾಡಿಗೆಗೆ ಕೊಡುವುದನ್ನು ನಿಲ್ಲಿಸಿದ್ದೇನೆ, ಇನ್ನು ಯಾರೂ ಬರುವುದಿಲ್ಲ, ವಾಪಸು ಬಂದುಬಿಡು ತಾಯಕ್ಕ, ಮತ್ತೆ ಹುಳು ಇಡೋಣ ಎಂದೆ. ಹೊತ್ತಾಯಿತೆಂದು ಎದ್ದಾಗ ಬಸ್ ನಿಲ್ಲುವ ಕಡೆಗೆ ನನ್ನ ಜೊತೆ ಬಂದಳು.

“ಅವ್ರ್ ಮ್ಯಾಲ ಯಾಕ್ ಅಷ್ಟೊಂದ್ ಸಿಟ್ಟ್ ಮಾಡ್ಕತೀಯ?” ಎಂದಳು ದಾರಿಯಲ್ಲಿ. “ನಂಗಿಲ್ಲ ಕಣಮ್ಮಿ. ಅವ್ರು ಎಲ್ಲೋರೋ ಏನೋ. ಹುಳ ಅಂದ್ರ ಅವ್ರ್ಗ ಏನ್ ಗೊತ್ತು? ನೀನು ಹುಳುಮನೇಲಿ ಮಲ್ಗೆದ್ದವ್ಳು. ನಾ ಫೋನ್ ಮಾಡ್ದಾಗ ನಿಂಗ ಗೊತ್ತಿತ್ತು.”

ದನಿಯಲ್ಲಿ ಕೋಪವಿರಲಿಲ್ಲ. ಬಸ್ಸು ಬಂತು, “ಉಸಾರಾಗೋಗು” ಎಂದು ಬೆನ್ನು ಸವರಿ ಹತ್ತಿಸಿದಳು. ಅದಾಗಿ ಕೆಲವು ತಿಂಗಳಿಗೆ ಅವಳು ತೀರಿಕೊಂಡ ಸುದ್ದಿ ತಮ್ಮನಿಂದ ಬಂತು. ಆ ಒಂಬತ್ತು ಜನರನ್ನು ಬೈಯುವುದನ್ನು ನಾನು ಇನ್ನೂ ನಿಲ್ಲಿಸಿಲ್ಲ. ನಿಲ್ಲಿಸಿದರೆ ಬೈಯಲು ನಾನೊಬ್ಬಳೇ ಉಳಿಯುತ್ತೇನೆ.