ಬಾಯಿಪಾಠವಾದ ಕಣ್ಣಿನ ಪಟ

ಹೊಸಪೇಟೆಯ ನಮ್ಮ ಶಾಲೆಯಲ್ಲಿ ಈಗ ಬೆಂಚಿಗೊಬ್ಬರಾದರೂ ಕನ್ನಡಕದ ಮಕ್ಕಳಿದ್ದಾರೆ. ನಾವು ಓದುವಾಗ ಕನ್ನಡಕ ಇರುತ್ತಿದ್ದದ್ದು ಹೆಡ್‌ಮಾಸ್ತರರ ಮೂಗಿನ ಮೇಲೆ ಮಾತ್ರ. ಈ ಮಕ್ಕಳಿಗೆ ದೂರ ನೋಡಿಯೇ ಗೊತ್ತಿಲ್ಲ. ಹೊರಗೆ ಬಿಟ್ಟರೆ ಅದಿರಿನ ಲಾರಿ, ಕೆಂಪು ಧೂಳು. ಒಳಗೆ ಟ್ಯೂಷನ್, ಮೊಬೈಲು. ನನ್ನ ಮಗಳನ್ನೂ ಹಾಗೆಯೇ ಬಾಗಿಲು ಹಾಕಿಕೊಂಡು ಸಾಕಿದೆ. ಅದನ್ನೇ ಜೋಪಾನ ಅಂದುಕೊಂಡಿದ್ದೆ.

ನಾನು ಇದೇ ಶಾಲೆಯ ಟೀಚರು; ಎರಡನೇ ತರಗತಿಯಲ್ಲಿ ಅವಳು ನನ್ನ ಕೈಕೆಳಗೇ ಓದುತ್ತಿದ್ದಳು. ಕಣ್ಣು ತಪಾಸಣೆಗೆ ಬರುವವರು ವಾರ ಮುಂಚೆಯೇ ಅಕ್ಷರಗಳ ಪಟ ಕಳಿಸಿದ್ದರು. ಗೋಡೆಗೆ ಏನು ನೇತುಹಾಕಿದರೂ ಮಕ್ಕಳ ಬಾಯಲ್ಲಿ ಹೇಳಿಸುವುದು ಪಾಠ ಮಾಡುವವರ ಹಾಳು ಚಟ. ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಇರುವೆಸಾಲಿನವರೆಗೆ ದಿನಾ ಬೆಳಿಗ್ಗೆ ರಾಗವಾಗಿ ಹೇಳಿಸಿದೆ. ಬಂದವರ ಮುಂದೆ ನನ್ನ ತರಗತಿ ತಡವರಿಸಬಾರದಲ್ಲ. ತಪಾಸಣೆಯ ದಿನ ಮಗಳು ಒಂದೊಂದೇ ಕಣ್ಣು ಮುಚ್ಚಿಕೊಂಡು ಪಟಪಟನೆ ಒಪ್ಪಿಸಿದಳು. ಅವರಿಗೂ ಅವಸರ, ಅನುಮಾನ ಬರಲಿಲ್ಲ. ನಾನಂತೂ ಬೀಗಿದೆ.

ಐದನೇ ತರಗತಿ ಮುಗಿದ ರಜೆಯಲ್ಲಿ ಇಬ್ಬರೂ ಹಂಪಿಗೆ ಹೋದೆವು. ಬಜಾರಿನ ಕಲ್ಲುಮಂಟಪದ ನೆರಳಲ್ಲಿ ಅವಳನ್ನು ಕೂರಿಸಿ ಬಾಳೆಹಣ್ಣು ತರಲು ಹೋಗಿದ್ದೆ. ತಿರುಗಿ ನೋಡಿದರೆ, ನನ್ನ ಹಾಗೆ ಹಸಿರು ಸೀರೆ ಉಟ್ಟ ಯಾರದೋ ಹಿಂದೆ ಹೋಗುತ್ತಿದ್ದಾಳೆ. ಇಪ್ಪತ್ತು ಹೆಜ್ಜೆ ಆಚೆ ನಾನು ಕೈಬೀಸುತ್ತಿದ್ದೆ. ಓಡಿಹೋಗಿ ಹಿಡಿದುಕೊಂಡು ಬೈದೆ. ಸೀರೆ ನೋಡಿ ನೀನೇ ಅಂದುಕೊಂಡೆ ಎಂದಳು. ದೂರದಿಂದ ಯಾರ ಮುಖವೂ ಕಾಣುವುದಿಲ್ಲವಂತೆ. ಎಲ್ಲರಿಗೂ ಹಾಗೇ ಎಂದು ತಿಳಿದಿದ್ದಳಂತೆ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರೆ. ನನ್ನಲ್ಲಿ ದೀಪವಾದರೂ ಎಲ್ಲಿತ್ತು?

ಮರುದಿನ ಕಣ್ಣಿನ ಡಾಕ್ಟರ ಎದುರು ಬಾಯಿಪಾಠದ ಕಥೆಯನ್ನು ನಾನೇ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಲಗಣ್ಣು ಕನ್ನಡಕದಿಂದ ಸರಿಹೋಗುತ್ತದೆ. ಎಡಗಣ್ಣಿನ ನಂಬರು ವಿಪರೀತ, ಇಷ್ಟು ವರ್ಷ ಸ್ಪಷ್ಟವಾಗಿ ಏನೂ ಕಾಣದೆ ಆ ಕಣ್ಣು ನೋಡುವುದನ್ನೇ ಕಲಿತಿಲ್ಲ ಎಂದರು.

"ಎರಡನೇ ಕ್ಲಾಸಿನ್ಯಾಗ ಬಂದಿದ್ರ ಆಗ್ತಿತ್ರಿ ಟೀಚರ್. ಈಗ ಪ್ರಯತ್ನ ಮಾಡಿ ನೋಡಣ, ಆದ್ರ ಭಾಳ ಆಸೆ ಇಟ್ಕಾಬ್ಯಾಡ್ರಿ."

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಡಾಕ್ಟರು ಅವಳ ಬಲಗಣ್ಣು ಮುಚ್ಚಿ, ಎಡಗಣ್ಣಿಗೆ ನಂಬರಿನ ಗಾಜು ಹಾಕಿದರು. ಇನ್ನು ಪಟವನ್ನು ನಂಬುವಂತಿರಲಿಲ್ಲ. ನನ್ನನ್ನೇ ಎದುರಿನ ಗೋಡೆಗೆ ನಿಲ್ಲಿಸಿ, ಅವ್ವ ಏನು ಮಾಡುತ್ತಿದ್ದಾಳೆ ಹೇಳು ಎಂದರು. ಅಷ್ಟು ಹೊತ್ತು ತಡೆದಿದ್ದ ಅಳು ನಿಲ್ಲಲಿಲ್ಲ; ಕಣ್ಣೀರು ಕೆನ್ನೆಗಿಳಿಯುತ್ತಿತ್ತು. ಮಗಳು ಕತ್ತು ಮುಂದೆ ಚಾಚಿ, ಉತ್ತರ ತಪ್ಪಬಾರದೆಂದು ಬಹಳ ಹೊತ್ತು ನೋಡಿದಳು.

"ನಗಾಕತ್ಯಾಳ" ಎಂದಳು.