ಹನುಮಕಾಕಾನ ಗಂಗಾಳ

ನಮ್ಮ ಓಣಿಗೆ ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವನೊಬ್ಬ ಬರುತ್ತಾನೆ. ಕೂಗಿ ಕೂಗಿ ಗಂಟಲು ಸೋತಿರಬೇಕು, ಈಗೀಗ ಒಂದು ತಟ್ಟೆ ಎತ್ತಿ ಹಿಡಿದು ಸೌಟಿನಿಂದ ಬಡಿಯುತ್ತಾ ಬರುತ್ತಾನೆ. ಆ ಸದ್ದು ಕಿವಿಗೆ ಬಿದ್ದರೆ ಸಾಕು, ನಾನು ಹೊರಸಿನಿಂದ ಎದ್ದು ನಿಂತಿರುತ್ತೇನೆ. "ಅತ್ತೀ, ಎಲ್ಲಿಗೆ ಹೊಂಟ್ರಿ? ಕುಂದ್ರಿ ಸುಮ್ನ," ಎಂದು ಸೊಸೆ ನಗುತ್ತಾಳೆ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬಿಡುವ ಮುದುಕಿ ಹೀಗೆ ದಿಗ್ಗನೆ ಏಳುವುದು ಅವಳಿಗೆ ತಮಾಷೆ. ಅವಳದೇನೂ ತಪ್ಪಿಲ್ಲ ಬಿಡಿ. ಹೊಳೆದಂಡೆಯಲ್ಲಿ ಹುಟ್ಟಿದ್ದರೆ ಅವಳೂ ಎದ್ದು ನಿಲ್ಲುತ್ತಿದ್ದಳು. ನಿಮಗೂ ಇಂಥದೊಂದು ಸದ್ದು ಇದ್ದೀತು, ಕೇಳಿದೊಡನೆ ಇಲ್ಲದ ಮನೆಯೊಂದರ ಬಾಗಿಲಿಗೆ ಕರೆದುಕೊಂಡು ಹೋಗುವಂಥದು. ನನಗದು ಉಣ್ಣುವ ಕಂಚಿನ ಗಂಗಾಳ ಬಡಿಯುವ ಸದ್ದು.

ಆಗಿನ್ನೂ ತುಂಗಭದ್ರೆಗೆ ಅಣೆಕಟ್ಟು ಬಿದ್ದಿರಲಿಲ್ಲ. ನಮ್ಮನ್ನೆಲ್ಲ ಮದ್ರಾಸಿನವರು ಆಳುತ್ತಿದ್ದ ಕಾಲ. ಹಂಪಿಯನ್ನು ದಾಟಿ ಹೊಳೆ ಕಂಪ್ಲಿಯ ಕಡೆ ಹೊರಳುವಲ್ಲಿ, ಬಂಡೆಗಳ ಸಂದಿಯಲ್ಲಿ, ಅಂಬಿಗರ ಏಳೆಂಟು ಮನೆಗಳಿದ್ದವು. ಕೊನೆಯದು ನಮ್ಮದು. ಗೋಡೆಗೆ ಬೋರಲು ಹಾಕಿ ಒರಗಿಸಿದ ಹರಿಗೋಲು, ಅದರ ತೊಗಲಿಗೆ ಬಳಿದ ಡಾಂಬರಿನ ವಾಸನೆ, ಬಲೆಯ ಹಸಿ ನಾತ, ಒಲೆಯ ಮೇಲೆ ಹುಣಸೆಹುಳಿ ಹಿಂಡಿದ ಮೀನಿನ ಸಾರು, ಇಷ್ಟೆಲ್ಲ ಸೇರಿದರೆ ನಮ್ಮ ಮನೆ. ಬಿಸಿಲು ಇಳಿಯುವ ಹೊತ್ತಿಗೆ ಬೋರಲು ಬಿದ್ದ ಹರಿಗೋಲಿನೊಳಗೆ ನುಸುಳಿ ಮಲಗಿದರೆ ಬಿದಿರಿನ ಹೆಣಿಗೆಯ ಸಂದಿಯಲ್ಲಿ ಡಾಂಬರು ಮೆತ್ತಗಾಗಿ ಕೂದಲಿಗೆ ಅಂಟುತ್ತಿತ್ತು. ಅದನ್ನು ಬಿಡಿಸಲು ಅಜ್ಜಿ ಎಣ್ಣೆ ಹಚ್ಚಿ, ಬೈದು, ಕೊನೆಗೆ ಕತ್ತರಿಯನ್ನೇ ತರುತ್ತಿದ್ದಳು. ನನ್ನನ್ನು ಹೆತ್ತವಳು ನಾನು ನಡೆಯುವುದನ್ನು ಕಲಿಯುವ ಮೊದಲೇ ತೀರಿಕೊಂಡಿದ್ದಳು. ಅಪ್ಪ ಕಂಪ್ಲಿಯ ಕಬ್ಬಿನ ಗದ್ದೆಗಳಲ್ಲಿ ದುಡಿಯುತ್ತಾ ಅಲ್ಲೇ ಉಳಿದುಬಿಡುತ್ತಿದ್ದ. ಹಾಗಾಗಿ ಮನೆಯೆಂದರೆ ಅಜ್ಜಿ, ಅಪ್ಪನ ತಮ್ಮ ಹನುಮಕಾಕಾ, ಮತ್ತು ನಾನು. ನನ್ನನ್ನು ಬೆನ್ನ ಮೇಲೆ ಹೊತ್ತು ಈಜುತ್ತಿದ್ದವನು ಕಾಕಾ. ಅವನೆಂದರೆ ನನಗೆ ಜೀವ.

ಗಂಡಸರು ಹೊಳೆಗೆ ಹೋದಾಗ ಹೊತ್ತು ಮೀರಿದರೆ, ಗಾಳಿ ಎದ್ದರೆ, ಮನೆಯ ಹೆಂಗಸರು ದಂಡೆಗೆ ಬಂದು ಗಂಗಾಳ ಬಡಿಯುತ್ತಿದ್ದರು. ಯಾವುದೋ ಒಂದು ಗಂಗಾಳವಲ್ಲ. ನೀರಿನಲ್ಲಿರುವವನು ಉಣ್ಣುವ ಗಂಗಾಳವೇ ಆಗಬೇಕು. ಕಂಚಿನ ದನಿ ಒಂದರಂತೆ ಇನ್ನೊಂದಿರುವುದಿಲ್ಲ, ಎಷ್ಟು ದೂರದಲ್ಲಿದ್ದರೂ ಇದು ನನ್ನದು ಎಂದು ಅವನಿಗೆ ತಿಳಿಯುತ್ತಿತ್ತು. ತಿಳಿದೊಡನೆ ಅವನು "ಹೋ...ಯ್" ಎಂದು ಓಗೊಡಬೇಕು. ಓಗೊಡುವ ತನಕ ಬಡಿಯುವ ಕೈ ನಿಲ್ಲಬಾರದು. ಇದಕ್ಕೆ ಯಾವ ದೇವರ ಅಪ್ಪಣೆಯೂ ಇರಲಿಲ್ಲ, ಆದರೆ ಮೀರಿದವರನ್ನು ನಾನು ಕಾಣೆ. ಕಾಕಾನ ಗಂಗಾಳಕ್ಕೆ ಎರಡು ಪೆಟ್ಟು ಮೆಲ್ಲಗೆ, ಒಂದು ಜೋರು. ನಮ್ಮ ಪಕ್ಕದ ಮನೆಯ ಮಾರೆಪ್ಪನಿಗೆ ಆ ಸದ್ದು ಕೇಳಿದರೆ ಮೈ ಉರಿಯುತ್ತಿತ್ತು. ಬಲೆ ಒಣಗಿಸುವ ಬಂಡೆಯ ವಿಷಯಕ್ಕೆ ಅವನಿಗೂ ಅಜ್ಜಿಗೂ ಜಗಳವಾಗಿ, ನಾನು ಬುದ್ಧಿ ಕಂಡಾಗಿನಿಂದ ಇಬ್ಬರಿಗೂ ಮಾತಿರಲಿಲ್ಲ. ಅಜ್ಜಿ ಬಡಿಯಲು ನಿಂತರೆ ಅವನು ಬಾಗಿಲು ಎಳೆದುಕೊಳ್ಳುತ್ತಿದ್ದ. ಆಗ ಅಜ್ಜಿ ಇನ್ನೊಂದಿಷ್ಟು ಜೋರಾಗಿ ಬಡಿಯುತ್ತಿದ್ದಳು.

ಯುಗಾದಿ ಮುಗಿಯುತ್ತಲೇ ನಮ್ಮಲ್ಲಿಗೆ ಗಾಳದ ದೊರೆ ಬರುತ್ತಿದ್ದ. ಹೊಸಪೇಟೆಯಲ್ಲಿ ರೈಲ್ವೆಯ ದೊಡ್ಡ ಅಧಿಕಾರಿ. ಅವನ ಹೆಸರು ನಮ್ಮ ನಾಲಗೆಗೆ ಹೊರಳದೆ ಎಲ್ಲರೂ ಗಾಳದ ದೊರೆ ಎಂದೇ ಕರೆದರು. ಉದ್ದನೆಯ ಗಾಳದ ಕೋಲು ಹಿಡಿದು, ಮೂಗೆಲ್ಲ ಕೆಂಪಗೆ ಸುಟ್ಟುಕೊಂಡು, ದೊಡ್ಡ ಬಾಳೆಮೀನು ಹಿಡಿಯಬೇಕೆಂಬ ಹುಚ್ಚಿಗೆ ಬರುತ್ತಿದ್ದ. ಮೀನು ಇರುವ ಮಡುಗಳಿಗೆ ಅವನನ್ನು ಕರೆದೊಯ್ಯುವುದು ಕಾಕಾನ ಕೆಲಸ. ಚೈತ್ರದ ಹೊಳೆಯನ್ನು ನಂಬುವಂತಿಲ್ಲ. ಬೆಳಿಗ್ಗೆ ನೀರು ಎಣ್ಣೆ ಹೊಯ್ದಂತೆ ನಿಂತಿರುತ್ತದೆ, ಮಧ್ಯಾಹ್ನ ಎಲ್ಲಿಂದಲೋ ಬಿರುಗಾಳಿ ಏಳುತ್ತದೆ. ಮಲೆನಾಡಿನ ಕಡೆ ಅಡ್ಡಮಳೆ ಬಿದ್ದಿದ್ದರೆ, ನಮ್ಮಲ್ಲಿ ಒಂದು ಹನಿಯೂ ಇಲ್ಲದೆ, ಕೆಂಪು ಹೊಸನೀರು ಸದ್ದಿಲ್ಲದೆ ಬಂದು ಕಾಲು ತಬ್ಬುತ್ತದೆ. ಮೀನುಗಳು ಮೈಮರೆತು ಏಳುವುದೂ ಆ ಹೊಸನೀರಿಗೇ. ಹಾಗಾಗಿ ಒಳ್ಳೆಯ ದಿನವೂ ಕೆಟ್ಟ ದಿನವೂ ಒಂದೇ ಆಗಿರುತ್ತಿತ್ತು.

ಅಂಥದೊಂದು ದಿನ ಅಜ್ಜಿ ಬೆಳಿಗ್ಗೆಯೇ ಮೂಗು ಅರಳಿಸಿ ಗಾಳಿ ಮೂಸಿದಳು. "ಇವತ್ತು ಬ್ಯಾಡಲೇ ಹನುಮ. ನೀರು ಎಲೆಎಲೆ ನಾರತೈತಿ, ಮ್ಯಾಲ ಮಳಿ ಆಗೈತಿ," ಎಂದಳು. ಕಾಕಾ ಹರಿಗೋಲನ್ನು ತಲೆಯ ಮೇಲೆ ಹೊತ್ತು ಹೊರಟಾಗಿತ್ತು. "ದೊರೆ ಅಷ್ಟು ದೂರದಿಂದ ಬಂದಾರ, ಹೆಂಗ ಬ್ಯಾಡ ಅನ್ಲಿ? ಉಣ್ಣೋ ಹೊತ್ತಿಗೆ ಬಂದ್ಬಿಡ್ತೀನಿ ಯವ್ವ," ಎಂದು ಅದರ ಕೆಳಗಿನಿಂದಲೇ ನಕ್ಕ. ಉಣ್ಣುವ ಹೊತ್ತು ಬಂತು, ಕಾಕಾ ಬರಲಿಲ್ಲ. ಮೇಲಿನ ದಿಕ್ಕಿನಿಂದ ಕೆಂಪು ಧೂಳು ಎದ್ದು ಆಚೆ ದಂಡೆ ಕಾಣದಾಯಿತು, ಆಮೇಲೆ ಹೊಳೆಯೇ ಕಾಣದಾಯಿತು. ಬೆಳಿಗ್ಗೆ ನಾನು ಆಡಿದ್ದ ಮರಳಿನ ದಿಬ್ಬ ನೀರಿನೊಳಗೆ ಹೋಗಿತ್ತು. ಅಜ್ಜಿ ಬಡಿದಳು, ಬಡಿದಳು, ಓಗೊಡುವವರಿಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿ ಗಾಳಿಗೆ ಮುಖ ಒಡ್ಡಿ ನಿಂತವಳು, "ಗಾಳಿ ಮ್ಯಾಲಿಂದ ಬರತೈತಿ. ನಾನು ಇಲ್ಲಿ ಬಡದ್ರ ಸದ್ದು ಕಂಪ್ಲಿಗೆ ಹೋಗತೈತಿ. ಕಂಪ್ಲಿಯೋರನ್ನ ಕರದು ಏನು ಮಾಡೂದು? ನಡಿ, ಅವನಿಗಿಂತ ಮ್ಯಾಲ ಹೋಗೂಣು," ಎಂದು ಸೀರೆ ಎತ್ತಿ ಕಟ್ಟಿದಳು.

ಬಂಡೆ ಹತ್ತಿ, ಬಂಡೆ ಇಳಿದು, ಮುಳ್ಳುಕಂಟಿಯಲ್ಲಿ ಲಂಗ ಹರಿದುಕೊಂಡು, ಗಂಗಾಳವನ್ನು ಎದೆಗೆ ಅವುಚಿಕೊಂಡು ನಾನು ಅವಳ ಹಿಂದೆ ಹೋದೆ. ಕಣ್ಣು ಬಾಯಿಯೆಲ್ಲ ಧೂಳು. ಕಾಕಾ ಹೋಗಿದ್ದ ಮಡುವಿಗಿಂತ ಮೇಲಿನ ಒಂದು ಹಾಸುಬಂಡೆಯ ಮೇಲೆ ನಿಂತು ಅಜ್ಜಿ ಮತ್ತೆ ಬಡಿಯತೊಡಗಿದಳು. ಅವಳ ರಟ್ಟೆ ಸೋತಾಗ ನಾನು ಬಡಿದೆ, ನನ್ನದು ಸೋತಾಗ ಅವಳು. ಅಳುತ್ತಾ ಬಡಿದೆ. ದೇವರೇ, ಕಾಕಾನನ್ನು ಕೊಟ್ಟುಬಿಡು, ಇನ್ನು ಮೇಲೆ ಅವನ ತಟ್ಟೆಯ ಮೀನು ಕದಿಯುವುದಿಲ್ಲ ಎಂದು ಬೇಡಿಕೊಂಡೆ. ಜೋರಾಗಿ ಬಡಿದು ಬಡಿದು ಗಂಗಾಳದ ಅಂಚು ಒಳಗೆ ತಗ್ಗಿಹೋಯಿತು. ಕೊನೆಗೆ ಆ ಧೂಳಿನ ಒಳಗಿನಿಂದ, ತೀರಾ ಸಣ್ಣಗೆ, ಹೋ...ಯ್ ಎಂದು ಬಂತು. ಅಜ್ಜಿ ಅಲ್ಲೇ ಬಂಡೆಯ ಮೇಲೆ ಕುಸಿದು ಕುಳಿತಳು. ನಾನು ಮಾತ್ರ ಕಾಕಾನ ತಲೆ ಕಣ್ಣಿಗೆ ಬೀಳುವ ತನಕ ಬಡಿಯುತ್ತಲೇ ಇದ್ದೆ.

ದೊರೆ ಹರಿಗೋಲಿನ ತಳದಲ್ಲಿ ಮುದುಡಿ ಕುಳಿತಿದ್ದ. ಟೋಪಿಯೂ ಇಲ್ಲ, ಗಾಳದ ಕೋಲೂ ಇಲ್ಲ. ನಡುಹೊಳೆಯ ಬಂಡೆಯೊಂದಕ್ಕೆ ಹರಿಗೋಲು ಕಟ್ಟಿಕೊಂಡು ನಿಂತಿದ್ದರಂತೆ. ಬಂಡೆಯೇ ಮುಳುಗತೊಡಗಿದಾಗ ಬಿಚ್ಚಲೇಬೇಕಾಯಿತು, ಆದರೆ ದಂಡೆ ಯಾವ ಕಡೆ ಎನ್ನುವುದು ಕಾಣದು. "ಸದ್ದು ಬಂದ ಕಡಿಗೆ ಹುಟ್ಟು ಹಾಕ್ದೆ ಯವ್ವ. ಬ್ಯಾರೇನೂ ಇರಲಿಲ್ಲ," ಎಂದ ಕಾಕಾ. ಅಜ್ಜಿ ಅವನ ಬೆನ್ನಿಗೆ ಒಂದು ಗುದ್ದಿ, "ಉಣ್ಣೋ ಹೊತ್ತು ಈಗೇನೋ ನಿಂದು?" ಎಂದಳು. ಆ ದಿನ ದೊರೆ ನಮ್ಮ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ತಿಂದ. ತಿಂದಾದ ಮೇಲೆ ತಗ್ಗುಬಿದ್ದ ಗಂಗಾಳವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ.

ನೋಡಿದವನು ಸುಮ್ಮನಿದ್ದರೆ ಚೆನ್ನಾಗಿತ್ತು. ಆ ವರ್ಷ ಅವನಿಗೆ ಮದ್ರಾಸಿನ ಕಡೆ ಸಮುದ್ರದಂಡೆಯ ಊರಿಗೆ ವರ್ಗವಾಯಿತು. ತನ್ನ ಜೀವ ಉಳಿಸಿದ ಅಂಬಿಗನೇ ಅಲ್ಲಿಯೂ ದೋಣಿ ನಡೆಸಬೇಕೆಂದು ಕಾಕಾನನ್ನು ಕೇಳಿದ. ಕಾಕಾನಿಗೆ ಸಮುದ್ರ ನೋಡುವ ಆಸೆ. ಅಜ್ಜಿ ಅಡ್ಡಿ ಮಾಡಲಿಲ್ಲ. "ಹೋಗಿ ಬಾ. ಗಂಗಾಳ ಇಲ್ಲೇ ಇರ್ಲಿ," ಎಂದಳು ಅಷ್ಟೇ. ನನಗೆ ಈಗಲೂ ಆ ದೊರೆಯ ಮೇಲೆ ಸಿಟ್ಟು. ನಾವು ರಟ್ಟೆ ಮುರಿದುಕೊಂಡು ಹೊಳೆಯಿಂದ ಕರೆದು ತಂದವನನ್ನು ಅವನು ಒಂದೇ ಮಾತಿನಲ್ಲಿ ಕರೆದುಕೊಂಡು ಹೋದ.

ಮರುವರ್ಷ ಯುಗಾದಿಗೆ ಕಾಕಾ ಬಂದ. ಬಣ್ಣ ಕಪ್ಪಾಗಿತ್ತು, ತುಟಿ ಒಡೆದಿತ್ತು. ನನಗೆ ಕವಡೆ ತಂದಿದ್ದ. ಉಪ್ಪುನೀರಿನ ಮೀನು, ದಂಡೆಗೆ ಹತ್ತಿರವೇ ಮುರಿದು ಬೀಳುವ ತೆರೆ, ಚೈತ್ರದಲ್ಲಿ ಅಲ್ಲಿ ಏಳುವ ಗಾಳಿ, ಏನೇನೋ ಹೇಳಿದ. "ಅಲ್ಲಿ ನೀರು ದಿನಕ್ಕ ಎರಡು ಸಲ ಹೋಗತೈತಿ, ಎರಡು ಸಲ ತಾನಾ ಬರತೈತಿ ಯವ್ವ. ಯಾರೂ ಕರೀಬೇಕಂತಿಲ್ಲ," ಎಂದ. ಅಜ್ಜಿ ಅವನ ಗಂಗಾಳಕ್ಕೆ ಸಾರು ಬಡಿಸುತ್ತಾ, "ನೀರು ಬರತೈತಿ ಬಿಡಪ್ಪ," ಎಂದಳು. ಕಾಕಾ ತಲೆ ತಗ್ಗಿಸಿ ಉಂಡ. ಹೋದವನು ಮತ್ತೆ ಬರಲಿಲ್ಲ. ಸಮುದ್ರದ ಪಾಲಾದನೋ, ಅಲ್ಲೇ ಸಂಸಾರ ಹೂಡಿದನೋ ತಿಳಿಯಲಿಲ್ಲ. ಯುದ್ಧ ಶುರುವಾಗಿತ್ತು, ಆ ಕಡೆಯಿಂದ ಸುದ್ದಿ ತರುವವರೂ ಇರಲಿಲ್ಲ. ಗಂಗಾಳ ಗೂಡಿನಲ್ಲಿ ಉಳಿಯಿತು. ಅಜ್ಜಿ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು, ಯಾರಿಗೂ ಅದರಲ್ಲಿ ಬಡಿಸುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಅಜ್ಜಿ ಹಾಸಿಗೆ ಹಿಡಿದಳು. ಅದೂ ಚೈತ್ರವೇ. ಒಂದು ಸಂಜೆ, ದೀಪ ಹಚ್ಚುವ ಹೊತ್ತು, ಹೊರಗೆ ಗಾಳಿ ಎದ್ದಿತು. ಅಜ್ಜಿ ಕಣ್ಣು ತೆರೆದು, "ಹನುಮ ಇನ್ನೂ ಬಂದಿಲ್ಲ. ಬಡಿ," ಎಂದಳು. ಗಂಗಾಳ ತೆಗೆದುಕೊಂಡು ದಂಡೆಗೆ ಹೋಗಿ ನಿಂತೆ. ಎರಡು ಮೆಲ್ಲಗೆ, ಒಂದು ಜೋರು. ಹೊಳೆಯಲ್ಲಿ ಒಂದು ಹರಿಗೋಲೂ ಇರಲಿಲ್ಲ. ಬಡಿಯಲು ಶುರುಮಾಡಿದ ಮೇಲೆ ನನಗೆ ಹೊಳೆಯಿತು, ನಿಲ್ಲಿಸುವುದು ಹೇಗೆ? ಓಗೊಡುವ ತನಕ ಕೈ ನಿಲ್ಲಬಾರದು. ಒಳಗೆ ಅಜ್ಜಿ ಕೇಳುತ್ತಾ ಮಲಗಿದ್ದಾಳೆ. ನಾನು ಬಡಿದೆ, ಬಡಿದೆ, ಮಣಿಕಟ್ಟು ಮರಗಟ್ಟಿತು, ಕತ್ತಲಾಗುತ್ತಾ ಬಂತು. ಆಗ ಪಕ್ಕದ ಮನೆಯ ಬಾಗಿಲು ತೆರೆಯಿತು. ಮಾರೆಪ್ಪ ಹೊರಗೆ ಬಂದ. ಬೈಯುತ್ತಾನೆ ಎಂದುಕೊಂಡೆ. ಅವನು ನನ್ನ ಕಡೆ ನೋಡದೆ ಸೀದಾ ಹೊಳೆಗಿಳಿದು, ಸೊಂಟದ ತನಕ ನೀರಿಗೆ ಹೋಗಿ ನಿಂತು, ಕೈಗಳನ್ನು ಬಾಯಿಗೆ ಹಿಡಿದು "ಹೋ...ಯ್" ಎಂದು ಕೂಗಿದ.

ನಾನು ಒಳಗೆ ಓಡಿದೆ. ಅಜ್ಜಿ ನನ್ನ ಕೈ ಹಿಡಿದು ಮಣಿಕಟ್ಟು ಸವರಿದಳು. "ಹನುಮನ ದನಿ ಅಲ್ಲ ಅದು, ಮಾರೆಪ್ಪಂದು," ಎಂದಳು. ಹಿಡಿದ ಕೈಯನ್ನು ಹತ್ತಿರ ಎಳೆದುಕೊಂಡು, "ಇರ್ಲಿ. ಭಾಳ ಸೋತೀದಿ, ಕುಂದ್ರು," ಎಂದಳು. ಬೆಳಗಾಗುವುದರೊಳಗೆ ಅವಳೂ ಹೋಗಿಬಿಟ್ಟಳು. ಹೆಣಕ್ಕೆ ಮೊದಲು ಹೆಗಲು ಕೊಟ್ಟವನು ಮಾರೆಪ್ಪ.

ಆಮೇಲೆ ಅಣೆಕಟ್ಟು ಬಂತು. ಅಂಬಿಗರು ಅಲ್ಲಿಗೆ ಕಲ್ಲು ಹೊರಲು ಹೋದರು, ಮನೆಗಳು ಬಿದ್ದವು. ಚೈತ್ರದಲ್ಲಿ ಹೊಸನೀರು ತಾನಾಗಿ ಬರುವುದು ನಿಂತುಹೋಯಿತು. ಈಗ ಗೇಟು ಎತ್ತಿದರೆ ನೀರು. ಗಂಗಾಳ ನನ್ನ ಟ್ರಂಕಿನಲ್ಲಿದೆ, ತಗ್ಗು ಹಾಗೇ ಇದೆ. ಅಜ್ಜಿಯ ಕೈ, ಕಾಕಾನ ಬೆನ್ನು, ಡಾಂಬರಿನ ವಾಸನೆಯ ಆ ಬಾಗಿಲು, ಎಲ್ಲವೂ ಬೇಕು ಅನಿಸುತ್ತದೆ. ಈ ವಯಸ್ಸಿನಲ್ಲಿ ಹೀಗೆ ಹಂಬಲಿಸುವುದು ನಗೆಪಾಟಲು ಎಂದು ಗೊತ್ತಿದ್ದೂ ಬೇಕು ಅನಿಸುತ್ತದೆ.

ಮೊನ್ನೆ ಆ ಪಾತ್ರೆಯವನು ಮಟಮಟ ಮಧ್ಯಾಹ್ನ ಬಂದ. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಬೆವರು ಸುರಿಸುತ್ತಾ ಬಡಿದ, ಬಡಿದ, ಯಾರೂ ಹೊರಗೆ ಬರಲಿಲ್ಲ. ನಾನು ಗೋಡೆ ಹಿಡಿದುಕೊಂಡು ಹೊಸ್ತಿಲ ತನಕ ಹೋಗಿ, ಇದ್ದಷ್ಟು ಉಸಿರು ಕೂಡಿಸಿ "ಹೋ...ಯ್" ಎಂದೆ. ಅವನು ಬಡಿಯುವುದನ್ನು ನಿಲ್ಲಿಸಿದ.